ದನಿ ತಗದು ಓದ್ರಿ

ಯಾರಾದರೂ ಎದುರಿಗೆ ಕೂತು ಮಾತಾಡುತ್ತಿದ್ದರೆ ಮಾಸ್ತರ ಬೆರಳುಗಳು ತಮ್ಮ ತೊಡೆಯ ಮೇಲೆ ತಾವೇ ಆಡುತ್ತಿದ್ದವು. ಮೊದಲ ಸಲ ನೋಡಿದವರು ಕೈನಡುಕ ಇರಬೇಕು, ಪಾಪ ಅಂದುಕೊಳ್ಳುತ್ತಿದ್ದರು. ನಡುಕ ಎಲ್ಲಿಂದ ಬಂತು, ಅದು ಟೈಪಿಂಗು. ಕಿವಿಗೆ ಬಿದ್ದ ಮಾತನ್ನೆಲ್ಲ ಅವರು ಪ್ಯಾಂಟಿನ ಮೇಲೆಯೇ ಹೊಡೆದುಕೊಳ್ಳುತ್ತಿದ್ದರು. ಎದುರಿನವರ ಮಾತು ಮುಗಿಯಿತೆಂದರೆ ಬಲಗೈ ಕಿರುಬೆರಳು ಒಮ್ಮೆ ಚಾಚಿ ಮೊಣಕಾಲನ್ನು ಮುಟ್ಟುತ್ತಿತ್ತು. ಅದು ಎಂಟರ್ ಕೀ. ಕಿರುಬೆರಳು ಮೊಣಕಾಲಿಗೆ ಹೋಗುವುದನ್ನು ನೋಡಿಕೊಂಡೇ ನಾನು ಚಹಾಕ್ಕೆ ಹೇಳುತ್ತಿದ್ದೆ.

ಶಹಾಪುರದ ಬಸ್‌ಸ್ಟ್ಯಾಂಡಿಗೆ ಕೂಗಳತೆಯಲ್ಲಿ ಅವರ ಅಂಗಡಿ. ಮೊದಲು ಅದು ಟೈಪಿಂಗ್ ಕ್ಲಾಸು. ನಾನು ಸುರಪುರದಿಂದ ದಿನಾ ಬಸ್ಸಿನಲ್ಲಿ ಬಂದು ಅಲ್ಲಿ ಕಲಿತೆ. ನಾನು ಕಲಿತು ಮುಗಿಸುವ ಹೊತ್ತಿಗೆ ಟೈಪಿಂಗ್ ಮಷೀನುಗಳ ಕಾಲವೇ ಮುಗಿದಿತ್ತು. ಮಾಸ್ತರು ಎಲ್ಲವನ್ನೂ ಗುಜರಿಗೆ ಹಾಕಿ ಒಂದು ಕಂಪ್ಯೂಟರು, ಒಂದು ಪ್ರಿಂಟರು ತಂದರು. ನನ್ನನ್ನು ಕರೆದು, "ತಂಗಿ, ಇದರ ಮಾರಿ ಯಾವ ಕಡಿ ಅದ, ಬೆನ್ನು ಯಾವ ಕಡಿ ಅದ ನನಗ ತಿಳಿವಲ್ದು. ನೀ ಸ್ವಲ್ಪ ನೋಡು" ಅಂದರು. ನೋಡಲು ಕೂತವಳು ಇನ್ನೂ ಆ ಖುರ್ಚಿಯಿಂದ ಎದ್ದಿಲ್ಲ. ಮದುವೆಯಾಯಿತು, ಮಕ್ಕಳಾದವು, ಸುರಪುರದಿಂದ ಬರುವ ಬಸ್ಸು ಮಾತ್ರ ಬದಲಾಗಲಿಲ್ಲ.

ಆ ಅಂಗಡಿಗೆ ಒಂದು ಕಾನೂನಿತ್ತು. ಲಗ್ನಪತ್ರಿಕೆ ಇರಲಿ, ಮಕ್ಕಳ ಜವಳದ ಕಾರ್ಡಿರಲಿ, ಕಚೇರಿಗೆ ಕೊಡುವ ಅರ್ಜಿ ಇರಲಿ, ಬರೆಸಿದವರೇ ಎದ್ದು ನಿಂತು ಅದನ್ನು ಗಟ್ಟಿಯಾಗಿ ಓದಬೇಕು. ಓದಲು ಬಾರದವರಿದ್ದರೆ ಮನೆಯವರನ್ನು ಕರೆತರಬೇಕು. ಯಾರೂ ಇಲ್ಲದಿದ್ದರೆ ನಾನು ಓದುತ್ತಿದ್ದೆ, ಅವರು ಕೇಳಬೇಕು. ಮಾಸ್ತರು ಕಣ್ಣು ಮುಚ್ಚಿಕೊಂಡು ಕೂತಿರುತ್ತಿದ್ದರು. "ಕಣ್ಣು ಅವಸರ ಮಾಡ್ತದ್ರಿ, ಕಿವಿ ಮಾಡಂಗಿಲ್ಲ. ದನಿ ತಗದು ಓದ್ರಿ" ಎಂಬುದು ಅವರ ದಿನನಿತ್ಯದ ಮಾತು. ಅವಸರದಲ್ಲಿ ಬಂದವರಿಗೆ ಇದು ದೊಡ್ಡ ಕಿರಿಕಿರಿ. ನನಗೂ ಎಷ್ಟೋ ಸಲ ತಲೆ ಕೆಟ್ಟು, "ಮಾಸ್ತರ್ರಿ, ಬಸ್ ತಪ್ಪತದ, ಬಿಟ್ಟು ಕಳಸ್ರಿ ಅವರನ್ನ" ಅಂದದ್ದುಂಟು.

ಒಮ್ಮೆ ಒಬ್ಬ ಹತ್ತಿ ದಲಾಲಿ ಸಾವ್ಕಾರರು ಮಗಳ ಲಗ್ನಪತ್ರಿಕೆ ಮಾಡಿಸಲು ಬಂದಿದ್ದರು. ಓದಿರಿ ಅಂದದ್ದಕ್ಕೆ ಅವರಿಗೆ ಸಿಟ್ಟು ಬಂತು. "ನಾ ಏನು ಸಾಲಿ ಹುಡುಗ ಏನ್ರಿ, ನಿಮ್ಮ ಮುಂದ ನಿಂತು ಪಾಠ ಒಪ್ಪಸಾಕ?" ಅಂದರು.

"ಹಂಗಲ್ರಿ ಸಾವ್ಕಾರ್ರ. ಊರಿಗೆಲ್ಲ ಓದಸೋ ಕಾಗದ ಇದು. ಮೊದಲ ಮನಿಯವರ ಬಾಯಾಗ ಒಮ್ಮಿ ಬರಲಿ. ಅಷ್ಟ."

ಸಾವ್ಕಾರರು ಗೊಣಗುತ್ತ ಎದ್ದು ನಿಂತು ಓದಿದರು. ದೇವರ ಹೆಸರು, ಹಿರಿಯರ ಹೆಸರು ಎಲ್ಲ ಗಡಗಡ ಓದಿದರು. ಮಗಳ ಹೆಸರಿನ ಹತ್ತಿರ ಬಂದಾಗ ದನಿ ನಿಂತುಬಿಟ್ಟಿತು. ಮಾಸ್ತರು ಪ್ರಿಂಟರಿನಲ್ಲಿ ಏನೋ ಸಿಕ್ಕಿಕೊಂಡಿದೆ ಎಂಬಂತೆ ಬೆನ್ನು ತಿರುಗಿಸಿ ಕೂತರು. ಸ್ವಲ್ಪ ಹೊತ್ತಾದ ಮೇಲೆ ಸಾವ್ಕಾರರೇ ಗಂಟಲು ಸರಿಮಾಡಿಕೊಂಡು ಪೂರ್ತಿ ಓದಿ, ಚಹಾ ಕುಡಿದು ಹೋದರು. ಅವತ್ತಿನಿಂದ ನಾನು ಬಸ್ಸಿನ ನೆಪ ಹೇಳುವುದನ್ನು ಬಿಟ್ಟೆ.

ಮಾಸ್ತರ ಸ್ವಂತ ದನಿ ಎಂಥದ್ದೆಂದರೆ, ಎದುರಿನ ಹೋಟೆಲಿಗೆ ಫೋನ್ ಮಾಡುವ ಪ್ರಸಂಗವೇ ಇರಲಿಲ್ಲ. ಕೂತಲ್ಲಿಂದಲೇ ಕೂಗಿದರೆ ರಸ್ತೆ ದಾಟಿ, ಗಾಡಿಗಳ ಸಪ್ಪಳ ದಾಟಿ ಚಹಾದವನಿಗೆ ಮುಟ್ಟುತ್ತಿತ್ತು. ಅವರು ಫೋನಿನಲ್ಲಿ ಮಾತಾಡುತ್ತಿದ್ದದ್ದು ಒಬ್ಬಳ ಜೊತೆ ಮಾತ್ರ, ಮಗಳ ಜೊತೆ. ಹೆಂಡತಿ ಬಹಳ ಹಿಂದೆಯೇ ತೀರಿಕೊಂಡಿದ್ದರು. ಊಟ ಪಕ್ಕದ ಓಣಿಯಲ್ಲಿದ್ದ ತಮ್ಮನ ಮನೆಯಲ್ಲಿ. ಮಗಳು ಅಂಗಡಿಯ ಬೆಂಚಿನ ಮೇಲೆ ಮಲಗಿ, ಕೆಟ್ಟ ಕಾಗದಗಳ ಬೆನ್ನ ಮೇಲೆ ಅಕ್ಷರ ತಿದ್ದಿ ಬೆಳೆದವಳು. ಆಕೆಯನ್ನು ತೆಲಂಗಾಣ ಗಡಿಯ ಗುರುಮಠಕಲ್ಲಿಗೆ ಕೊಟ್ಟ ಮೇಲೆ ದಿನಾ ಮುಂಜಾನೆ ಶಟರ್ ಎತ್ತಿ, ಊದಿನಕಡ್ಡಿ ಹಚ್ಚಿ, ಮೊದಲು ಆಕೆಗೆ ಫೋನು. "ಅತ್ತಿಮನ್ಯಾಗ ಎಲ್ಲಾರೂ ತೆಲುಗು ಆಡ್ತಾರ ತಂಗಿ. ಮುಂಜಾನಿ ನನ್ನ ಕೂಡ ನಾಕು ಮಾತಾಡಿದ್ರ ಆಕಿ ನಾಲಿಗಿ ಸಡಲ ಆಗ್ತದ" ಎಂದು ನನಗೆ ನೆಪ ಹೇಳುತ್ತಿದ್ದರು. ಯಾರ ನಾಲಿಗೆ ಸಡಿಲಾಗುತ್ತಿತ್ತೆಂಬುದು ನನಗೆ ಕಾಣುತ್ತಿತ್ತು.

ಆ ದನಿ ಒಡೆಯತೊಡಗಿತು. ಮೊದಲು ಬೀಡಿಯದು ಅಂತ ಬೀಡಿ ಬಿಟ್ಟರು. ಆಮೇಲೆ ಧೂಳಿನದು ಅಂತ ಮೂಗಿಗೆ ಟವೆಲು ಕಟ್ಟಿದರು. ಕಲಬುರಗಿಯ ಡಾಕ್ಟರು ನೋಡಿ ಹೈದರಾಬಾದಿಗೆ ಹೋಗಿರಿ ಅಂದರು. ಅಲ್ಲಿನ ದೊಡ್ಡ ದವಾಖಾನೆಯಲ್ಲಿ ಗಂಟಲಿನ ಗಡ್ಡೆಯ ಜೊತೆ ದನಿ ಹುಟ್ಟುವ ಜಾಗವನ್ನೇ ತೆಗೆಯಬೇಕು ಅಂದರಂತೆ. ಆಪರೇಷನ್ನಿಗೆ ಒಯ್ಯುವ ಮುಂಚೆ ಅವರು ನನಗೆ ಫೋನ್ ಮಾಡಿದ್ದರು. ಏನೋ ಹೇಳುತ್ತಾರೆ ಅಂತ ನಾನು ಪ್ರಿಂಟರ್ ನಿಲ್ಲಿಸಿ ಕೇಳಿದೆ. "ತಂಗಿ, ಅಂಗಡಿ ಕಸ ಹೊಡದಿ ಇಲ್ಲ?" ಅಂದರು. ಹೊಡೆದೀನ್ರಿ ಅಂದೆ. ಅದೇ ನಾನು ಕೇಳಿದ ಅವರ ಕೊನೆಯ ದನಿ.

ತಿರುಗಿ ಬಂದಾಗ ಕೊರಳಿಗೊಂದು ಬಿಳಿ ಅರಿವೆ ಕಟ್ಟಿಕೊಂಡಿದ್ದರು. ಅರಿವೆಯ ಹಿಂದೆ ಉಸಿರಾಡಲು ಒಂದು ತೂತು. ಬಂದವರೇ ಕಂಪ್ಯೂಟರಿನ ಮುಂದೆ ಕೂತು, ದಪ್ಪ ಅಕ್ಷರದಲ್ಲಿ ಟೈಪ್ ಮಾಡಿ, ಪರದೆಯನ್ನು ನನ್ನ ಕಡೆ ತಿರುಗಿಸಿದರು: "ಚಹಾ ಹೇಳು." ಅವತ್ತಿನಿಂದ ಅವರ ಬಾಯಿ ಅದೇ ಪರದೆ. ಸಿಟ್ಟು ಬಂದರೆ ಅಕ್ಷರಗಳು ದೊಡ್ಡವಾಗುತ್ತಿದ್ದವು. ನನ್ನ ಬಾಯಿಯೋ ಸುರಪುರದ ಬಾಯಿ, ಸಣ್ಣದಲ್ಲ. ನಾನು ಹತ್ತು ಮಾತಾಡುವುದರೊಳಗೆ ಅವರು ಒಂದು ಸಾಲು ಹೊಡೆದಿರುತ್ತಿದ್ದರು. ಅಂಗಡಿಯ ಗೋಡೆಗೆ "ದನಿ ತಗದು ಓದ್ರಿ" ಎಂದು ಪ್ರಿಂಟ್ ತೆಗೆದು ಅಂಟಿಸಿದರು. ಕೆಲವು ಗಿರಾಕಿಗಳು ಒಳಗೆ ಬಂದು ಅದನ್ನೇ ದನಿ ತೆಗೆದು ಓದಿಬಿಡುತ್ತಿದ್ದರು. ಆಗ ಮಾಸ್ತರ ಹೆಗಲು ಕುಣಿಯುತ್ತಿದ್ದವು. ಸದ್ದಿಲ್ಲದ ನಗು ಅದು. ನನಗೆ ಅದನ್ನು ನೋಡುವುದು ಕಷ್ಟವಾಗುತ್ತಿತ್ತು.

ಮಗಳ ಫೋನಿಗೆ ಏನು ಮಾಡುವುದು? ಕೂಸು ಸಣ್ಣದು ಅಂತ ಆಕೆಯನ್ನು ಹೈದರಾಬಾದಿಗೆ ಬರಗೊಟ್ಟಿರಲಿಲ್ಲ. ಮುಖ ಕಾಣುವ ಹಾಗೆ ಒಮ್ಮೆ ಫೋನ್ ಮಾಡಿಕೊಟ್ಟೆ. ಕೊರಳಿನ ಅರಿವೆ ನೋಡಿ ಆಕೆ ಅಳಲು ಶುರುಮಾಡಿದಳು, ಮಾಸ್ತರು ಬಂದ್ ಮಾಡಿಬಿಟ್ಟರು. ಫೋನಿನ ಗಾಜಿನ ಮೇಲೆ ಒಂದೇ ಬೆರಳಿನಿಂದ ಬರೆಯಲು ಕಲಿಸಿದೆ. ಹತ್ತೂ ಬೆರಳಿನಿಂದ ಬರೆಯುವ ಮನುಷ್ಯ, ಆಗಲಿಲ್ಲ. ಕೊನೆಗೆ ತಾವೇ ಒಂದು ದಾರಿ ಹುಡುಕಿದರು. ಮುಂಜಾನೆ ಪರದೆಯನ್ನು ಗೋಡೆ ಕಡೆ ತಿರುಗಿಸಿಕೊಂಡು, ತಮ್ಮ ಹಳೆಯ ಫಾಂಟಿನಲ್ಲಿ ಮಗಳಿಗೆ ಹೇಳಬೇಕಾದ್ದನ್ನೆಲ್ಲ ಟೈಪ್ ಮಾಡಿ, ಪ್ರೆಸ್ಸಿಗೆ ಕಳಿಸುವ ಹಾಗೆ ಪಿಡಿಎಫ್ ಮಾಡಿ ಆಕೆಯ ಫೋನಿಗೆ ಕಳಿಸುವುದು. ಸ್ವಲ್ಪ ಹೊತ್ತಿಗೆ ಆಕೆಯ ಫೋನ್ ಬರುತ್ತಿತ್ತು. ಮಾಸ್ತರು ಕಿವಿಗೆ ಹಿಡಿದು ಕೇಳುತ್ತಿದ್ದರು, ಹೂಂ ಅನ್ನಬೇಕಾದಲ್ಲಿ ಉಗುರಿನಿಂದ ಫೋನಿಗೆ ಟಕ್ ಅಂತ ಬಡಿಯುತ್ತಿದ್ದರು. ಆಕೆಯ ಮಾತು ನನಗೂ ಅಷ್ಟಿಷ್ಟು ಕೇಳುತ್ತಿತ್ತು. "ಹೂಂ ಅಪ್ಪಾ, ಓದಿದೆ. ಆಗಲಿ ಅಪ್ಪಾ. ಗುಳಗಿ ತಗೊಂಡಿ?"

ಆಮೇಲೆ ಅವರ ಮುಖ ಬೇರೆಯೇ ಆಯಿತು. ಮಧ್ಯಾಹ್ನ ಗಂಜಿ ಮುಟ್ಟದವರು ಬಟ್ಟಲು ಖಾಲಿ ಮಾಡತೊಡಗಿದರು. "ಮಗಳ ಕೂಡ ಮಾತ ಚಾಲೂ ಆದ ಮ್ಯಾಲ ಭಾವ ಉಣ್ಣಾಕತ್ತಾರ" ಅಂತ ತಮ್ಮನ ಹೆಂಡತಿ ನನ್ನ ಮುಂದೆ ಹೇಳಿ ಕೈಮುಗಿದರು.

ಒಂದು ಆಯ್ತವಾರ. ಮಾಸ್ತರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕೊರಳಿಗೆ ಹೊಸ ಅರಿವೆ ಕಟ್ಟಿಕೊಂಡು ಬಂದು, "ಬಾ ಅಂತ ಬರದಿದ್ದೆ, ಆಗಲಿ ಅಂದಾಳ. ಮಗಳು ಬರ್ತಾಳ" ಎಂದು ಪರದೆಯ ಮೇಲೆ ಹೊಡೆದು ತೋರಿಸಿ ಬಸ್‌ಸ್ಟ್ಯಾಂಡಿಗೆ ಹೋದರು. ಆಯ್ತವಾರ ನಮ್ಮದು ಅರ್ಧ ದಿನ. ಅಂಗಡಿ ಮುಚ್ಚಿ ನಾನು ಸುರಪುರದ ಬಸ್ಸಿಗೆ ಹೋದಾಗ ಅವರು ಗುರುಮಠಕಲ್ಲಿನವರು ಬಂದಿಳಿಯುವ ಯಾದಗಿರಿ ಬಸ್ಸು ನಿಲ್ಲುವ ಕಡೆ ಬೆಂಚಿನ ಮೇಲೆ ಇನ್ನೂ ಕೂತಿದ್ದರು. ತೊಡೆಯ ಮೇಲೆ ಮೊಮ್ಮಗಳಿಗೆಂದು ತಂದ ಪೇರಲಹಣ್ಣಿನ ಚೀಲ. ಬಸ್ಸು ಬಂದರೆ ಎದ್ದು ಹೋಗಿ ಒಂದೊಂದೇ ಕಿಟಕಿಯಲ್ಲಿ ಇಣುಕಿ ನೋಡುತ್ತಿದ್ದರು. ರಸ್ತೆ ದಾಟಿ ಕೂಗುತ್ತಿದ್ದ ಮನುಷ್ಯ. ಆಮೇಲೆ ತಿರುಗಿ ಬಂದು ಕೂರುತ್ತಿದ್ದರು. ನಡೀರಿ ಮನಿಗೆ ಅಂದರೆ, ಇನ್ನೊಂದು ಬಸ್ಸು ನೋಡೋಣ ಅಂತ ಕೈಸನ್ನೆ ಮಾಡಿದರು. ನನ್ನ ಬಸ್ಸು ಹೋಯಿತು. ನಾನು ಸ್ವಲ್ಪ ದೂರ ಹೋಗಿ ಆಕೆಗೆ ಫೋನ್ ಹಚ್ಚಿದೆ.

"ಯಾಕವಾ, ಇನ್ನ ಹೊಂಟಿಲ್ಲೇನು?"

"ಎಲ್ಲಿಗಿ ಅಕ್ಕಾ?"

"ಎಲ್ಲಿಗಂದ್ರ? ಮಾಸ್ತರು ಮುಂಜಾನಿಂದ ಬಸ್‌ಸ್ಟ್ಯಾಂಡಿನ್ಯಾಗ ಕುಂತಾರ. ಬಾ ಅಂತ ಬರದಿದ್ರಂತ. ಆಗಲಿ ಅಪ್ಪಾ ಅಂದಿ ಅಂತಲ್ಲ ನೀನು."

ಆಕೆ ಅಳುತ್ತ ಹೇಳಿದಳು. "ಅಕ್ಕಾ, ಅಪ್ಪ ಕಳಿಸಿದ್ದು ನನಗ ಒಂದಕ್ಷರ ಸೈತ ಓದಾಕ ಬಂದಿಲ್ಲ. ಬರೇ ಡಬ್ಬಿ, ಗೀಟು, ಚುಕ್ಕಿ, ತಲಿ ಮ್ಯಾಲ ಟೋಪಿ ಇಟ್ಟ ಇಂಗ್ಲಿಷ್ ಅಕ್ಷರ. ಮೊದಲನೇ ದಿನದಿಂದ ಹಂಗ ಬರಾಕತ್ತದ. ಮೊಬೈಲ್ ಅಂಗಡ್ಯಾಗ ತೋರಿಸಿದ್ರ ಫೈಲ್ ಖರಾಬ್ ಅದ ಅಂದ್ರು."

ನನಗೆ ಸಿಟ್ಟು ನೆತ್ತಿಗೇರಿತು. "ಮತ್ತ ದಿನಾ ಓದಿದೆ ಓದಿದೆ ಅಂತ ಹೇಳ್ತಿದ್ದಿಯಲ್ಲಾ?"

"ಏನ್ ಹೇಳ್ಲಿ ಅಕ್ಕಾ? ಬಾಯಂತೂ ಹೋತು ಅವಂದು. ಬರದದ್ದೂ ಮುಟ್ಟವಲ್ದು ಅಂತ ಹೆಂಗ ಹೇಳ್ಲಿ ನಾನು? ನಾಕು ದಿನ ಆದ ಮ್ಯಾಲ ಹೇಳೂನು ಅಂದ್ಕೊಂಡೆ. ಚಿಗವ್ವ ಫೋನ್ ಮಾಡಿ, ಅಪ್ಪ ಉಣ್ಣಾಕತ್ತಾನ ಅಂದ್ಲು. ಆಮ್ಯಾಲ ಬಾಯೇ ಬರಲಿಲ್ಲ."

ನನ್ನ ಸಿಟ್ಟು ಅಲ್ಲೇ ಇಳಿದುಹೋಯಿತು. ಆಕೆಯ ಜಾಗದಲ್ಲಿ ನಾನಿದ್ದರೂ ಬೇರೆ ಏನು ಮಾಡುತ್ತಿದ್ದೆ?

ಮಾಸ್ತರಿಗೆ ಹೇಳದೆ ದಾರಿ ಇರಲಿಲ್ಲ. ಮಗಳು ಬಾರದೆ ಹೋದಳು ಎಂದು ಅವರು ತಿಳಿಯುವುದಕ್ಕಿಂತ ಇದೇ ವಾಸಿ ಅನ್ನಿಸಿತು. ಆಕೆಯ ಫೋನಿನಲ್ಲಿ ಕಾಣುವುದರ ಚಿತ್ರ ತರಿಸಿಕೊಂಡು, ಬೆಂಚಿನ ಮೇಲೆ ಅವರ ಪಕ್ಕದಲ್ಲಿ ಕೂತು ತೋರಿಸಿದೆ. ಅವರು ಫೋನನ್ನು ಹತ್ತಿರ ಹಿಡಿದರು, ದೂರ ಹಿಡಿದರು. ಕನ್ನಡಕ ತೆಗೆದು ಅಂಗಿಯ ಚುಂಗಿಗೆ ಒರೆಸಿ ಮತ್ತೆ ನೋಡಿದರು. ಒಂದು ಕಾಗದವನ್ನೂ ಓದಿಸದೆ ಅಂಗಡಿಯ ಹೊಸ್ತಿಲು ದಾಟಿಸಿದವರಲ್ಲ. ನಾನು ಸಮಾಧಾನ ಮಾಡಲು ಬಾಯಿಗೆ ಬಂದದ್ದೆಲ್ಲ ಮಾತಾಡುತ್ತಿದ್ದೆ. ಅವರ ಬೆರಳುಗಳು ಪೇರಲಹಣ್ಣಿನ ಚೀಲದ ಮೇಲೆ ಸುಮ್ಮನೆ ಬಿದ್ದಿದ್ದವು. ಎದುರಿಗೆ ಮಾತು ನಡೆದಾಗ ಆ ಬೆರಳುಗಳು ಆಡದೆ ಇದ್ದದ್ದನ್ನು ನಾನು ನೋಡಿದ್ದು ಅವತ್ತೇ.

ಇಬ್ಬರೂ ಅಂಗಡಿಗೆ ಬಂದೆವು. ರೋಗ ಹಿಡಿಯಲು ನನಗೆ ಹೊತ್ತು ಹಿಡಿಯಲಿಲ್ಲ. ಮಾಸ್ತರ ಹಳೆಯ ಫಾಂಟು ನಮ್ಮ ಕಂಪ್ಯೂಟರಿನಲ್ಲಿದೆ, ಆಕೆಯ ಫೋನಿನಲ್ಲಿಲ್ಲ. ಪಿಡಿಎಫ್ ಮಾಡುವಾಗ ಫಾಂಟನ್ನೂ ಅದರೊಳಗೆ ಕೂಡಿಸಿ ಕಳಿಸಬೇಕು. ಅದಕ್ಕೊಂದು ಟಿಕ್ ಗುರುತಿದೆ. ಇಲ್ಲದಿದ್ದರೆ ನಮ್ಮ ಪರದೆಯಲ್ಲಿ ಮುತ್ತಿನಂಥ ಅಕ್ಷರ, ಅಲ್ಲಿ ಹೋದ ಮೇಲೆ ಡಬ್ಬಿ. ಕಳಿಸಿದವರಿಗೆ ಏನೂ ಗೊತ್ತಾಗುವುದಿಲ್ಲ. ಆ ಟಿಕ್ ತೆಗೆದವರು ಸ್ವತಃ ಮಾಸ್ತರೇ. ನೆಟ್ ನಿಧಾನವಾಗಿದ್ದ ಕಾಲದಲ್ಲಿ ಫೈಲು ಹಗುರಾಗಲಿ ಅಂತ ತೆಗೆದಿದ್ದರು. ನಮ್ಮ ಕಾರ್ಡುಗಳೆಲ್ಲ ಯಾದಗಿರಿಯ ಒಂದೇ ಪ್ರೆಸ್ಸಿಗೆ ಹೋಗುತ್ತಿದ್ದವು, ಆ ಪ್ರೆಸ್ಸಿನಲ್ಲಿ ಅದೇ ಫಾಂಟು ಇತ್ತು. ಹೀಗಾಗಿ ಇಷ್ಟು ವರ್ಷ ಯಾರಿಗೂ ತೊಂದರೆಯಾಗಿರಲಿಲ್ಲ.

"ಬುತ್ತಿ ಕಟ್ಟಿ ರೊಟ್ಟಿ ಇಡೋದು ಮರತಂಗ ಆಗ್ಯದ್ರಿ ಮಾಸ್ತರ್ರಿ" ಅಂದೆ. ಅವರು ಹಣೆ ಬಡಿದುಕೊಂಡರು. ನಾನು ಟಿಕ್ ಹಾಕಿದೆ. ಅವರು ಕೂತು ಕೆಲವು ಸಾಲು ಹೊಡೆದರು. ಈ ಸಲ ಪರದೆಯನ್ನು ಗೋಡೆ ಕಡೆ ತಿರುಗಿಸಲಿಲ್ಲ. ಕಳಿಸಿ, ಆಕೆಗೆ ಫೋನ್ ಹಚ್ಚಿ, ಸ್ಪೀಕರ್ ಮೇಲೆ ಹಾಕಿ ಮೇಜಿನ ಮೇಲಿಟ್ಟೆ.

"ಬಂತೇನವಾ?"

"ಬಂತು ಅಕ್ಕಾ. ಕಾಣಾಕತ್ತದ. ಕನ್ನಡ ಕಾಣಾಕತ್ತದ."

"ಹಂಗಾದ್ರ ದನಿ ತಗದು ಓದು."

ಆಕೆ ಶಾಲೆಯ ಹುಡುಗಿಯ ಹಾಗೆ ಒಂದೊಂದೇ ಪದ ಬಿಡಿಸಿ ಓದಿದಳು. "ಯವ್ವಾ, ಕೂಸಿಗೆ ಅಂತ ಪೇರಲಹಣ್ಣು ತಂದಿದ್ದೆ. ಈ ನಿನ್ನ ಅಕ್ಕ ಒಯ್ಯತಾಳ. ನೀ ಬಂದಾಗ ಮತ್ತ ತರ್ತೀನಿ. ನೀ ಓದಿದೆ ಅಂತ ಸುಳ್ಳ ಹೇಳಿದ್ದು ನನಗೇನ ಬ್ಯಾಸರಿಲ್ಲ. ಅಳಬ್ಯಾಡ."

ಮಾಸ್ತರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಮಗಳು ಓದುತ್ತಿದ್ದ ಹಾಗೆ ಬೆರಳುಗಳು ತೊಡೆಯ ಮೇಲೆ ಮೆಲ್ಲಗೆ ಆಡತೊಡಗಿದವು. ತಮ್ಮದೇ ಮಾತನ್ನು ಮಗಳ ಬಾಯಿಂದ ಕೇಳಿ ಮತ್ತೆ ಹೊಡೆದುಕೊಳ್ಳುತ್ತಿದ್ದರು. "ಅಳಬ್ಯಾಡ" ಅಂದಾಗ ಕಿರುಬೆರಳು ಮೊಣಕಾಲು ಮುಟ್ಟಿತು. ನಾನು ಎದ್ದು ಹೊರಗೆ ಹೋಗಿ ನಿಂತೆ.

ಮರುದಿನವೇ ಆಕೆ ಗಂಡನ ಬೈಕಿನ ಹಿಂದೆ ಕೂತು, ಕೂಸನ್ನು ಮಡಿಲಲ್ಲಿಟ್ಟುಕೊಂಡು ನೆಟ್ಟಗೆ ಚಿಕ್ಕಪ್ಪ-ಚಿಗವ್ವನ ಮನೆಗೆ ಬಂದಳು. ಅಂಗಡಿಗೆ ಬಂದಾಗ, ಅಷ್ಟು ದೂರ ಬಿಸಿಲಿನಲ್ಲಿ ಬೈಕಿನ ಮೇಲೆ ಬಂದದ್ದಕ್ಕೆ ಪರದೆಯ ತುಂಬ ಬೈಗುಳ ತಿಂದಳು. ಆಮೇಲೆ ಅಂಗಡಿಯ ಮುಂಜಾವುಗಳು ಬೇರೆಯಾದವು. ಮಾಸ್ತರು ಕಳಿಸುವುದು, ಆಕೆ ಫೋನ್ ಮಾಡಿ ಗಟ್ಟಿಯಾಗಿ ಓದುವುದು. ಮಾಸ್ತರ ಮಾತು ಮಗಳ ದನಿಯಲ್ಲಿ ಅಂಗಡಿಯ ತುಂಬ ಕೇಳುತ್ತಿತ್ತು. ಹಳೆಯ ಫೈಲುಗಳನ್ನೂ ಮತ್ತೆ ಕಳಿಸಿ ಅಂತ ಆಕೆ ಕೇಳಿದ್ದಳು. ಅವು ಮಾಸ್ತರ ಹತ್ತಿರ ಇರಲೇ ಇಲ್ಲ. ನಿನ್ನೆಯ ಫೈಲಿನ ಮೇಲೆಯೇ ಇವತ್ತಿನದನ್ನು ಹೊಡೆದು ಉಳಿಸುವುದು ಅವರ ರೂಢಿ. ಉಳಿದದ್ದು ಆಕೆಯ ಫೋನಿನಲ್ಲಿದ್ದ ಡಬ್ಬಿಗಳಷ್ಟೇ. ಅದನ್ನು ನಾನು ಹೇಳಿದಾಗ ಅವರು "ಹಳಸಿದ್ದು ಯಾಕ, ದಿನಾ ಬಿಸಿದು ಕಳಿಸ್ತೀನಲ್ಲ" ಅಂತ ಬರೆದರು.

ಬಿಸಿಯದು ಬಹಳ ದಿನ ಬರಲಿಲ್ಲ. ರೋಗ ಎದೆಗೆ ಇಳಿಯಿತು. ಹೈದರಾಬಾದಿನವರು ಮನೆಗೆ ಒಯ್ಯಿರಿ ಅಂದರು. ಮಗಳು ಬಂದು ಹಾಸಿಗೆಯ ಪಕ್ಕದಲ್ಲಿ ಕೂತುಬಿಟ್ಟಳು. ಕೂರಲು ಶಕ್ತಿಯಿಲ್ಲದ ಮಾಸ್ತರು ಕೌದಿಯ ಮೇಲೆ ಬೆರಳಾಡಿಸುತ್ತಿದ್ದರು, ಏನು ಹೇಳುತ್ತಾರೋ ಯಾರಿಗೂ ತಿಳಿಯುತ್ತಿರಲಿಲ್ಲ. ನಾನು ಅಂಗಡಿಯಿಂದ ಕೀಬೋರ್ಡ್ ಒಂದನ್ನೇ ಬಿಚ್ಚಿ ತಂದು ಅವರ ಕೈಕೆಳಗೆ ಇಟ್ಟೆ. ಯಾವ ಕೀಗೆ ಯಾವ ಅಕ್ಷರ ಎಂಬುದನ್ನು ಅವರೇ ಅಲ್ಲವೇ ನನಗೆ ಕಲಿಸಿದ್ದು. ಬೆರಳು ಹೋದ ಹಾಗೆ ನಾನು ಓದಿ ಹೇಳುತ್ತಿದ್ದೆ. ಮಗಳಿಗೆ, "ಉಂಡಿ?" ಅಂದರು. ಕೂಸಿಗೆ ಟೊಪ್ಪಿಗೆ ಹಾಕು ಅಂದರು. ನನ್ನ ಕಡೆ ನೋಡಿ, ಬಹಳ ನಿಧಾನಕ್ಕೆ, "ಅಂಗಡಿ ಕಸ ಹೊಡದಿ ಇಲ್ಲ?" ಅಂತ ಕೇಳಿದರು.

"ಹೊಡದೀನ್ರಿ ಮಾಸ್ತರ್ರಿ" ಅಂದೆ. ಅವತ್ತು ಯಾರು ಕಸ ಹೊಡೆಯುತ್ತಾರೆ, ಕೀಬೋರ್ಡ್ ತಂದ ಮೇಲೆ ಅಂಗಡಿಯ ಬಾಗಿಲೇ ತೆಗೆದಿರಲಿಲ್ಲ. ಮರುದಿನ ಮಧ್ಯಾಹ್ನ ಅವರು ಹೋದರು.

ಅವರ ಶಿವಗಣಾರಾಧನೆಯ ಕಾರ್ಡನ್ನು ಅವರದೇ ಫಾಂಟಿನಲ್ಲಿ ನಾನೇ ಟೈಪ್ ಮಾಡಿದೆ. ಮನೆಯವರು ದನಿ ತೆಗೆದು ಓದಬೇಕು. ಮಗಳು ಎದ್ದು ನಿಂತಳು, ಆಗಲಿಲ್ಲ. ಮಾಸ್ತರ ತಮ್ಮ ಓದಿದರು. ಅವರು ಕಾರ್ಡು ತೆಗೆದುಕೊಂಡು ಹೋದ ಮೇಲೆ ಮಗಳು ತನ್ನ ಫೋನನ್ನು ನನ್ನ ಮುಂದೆ ಹಿಡಿದಳು.

"ಅಕ್ಕಾ, ಆ ಡಬ್ಬಿ ಫೈಲು ನಾ ಒಂದೂ ಅಳಿಸಿಲ್ಲ."

ಅವನ್ನು ಮಾಸ್ತರ ಕಂಪ್ಯೂಟರಿಗೆ ಹಾಕಿಕೊಂಡು ಮೊದಲನೆಯದನ್ನು ತೆರೆದೆ. ಫಾಂಟು ಅಲ್ಲಿತ್ತಲ್ಲ, ಡಬ್ಬಿಗಳೆಲ್ಲ ಹೋಗಿ ಕನ್ನಡ ನಿಂತಿತು. ಇಷ್ಟು ದಿನ ಇದು ನನಗೆ ಹೊಳೆದೇ ಇರಲಿಲ್ಲ. "ಯವ್ವಾ" ಅಂತ ಶುರುವಾಗಿತ್ತು. ಮುಂದೆ ಓದದೆ ಮುಚ್ಚಿದೆ. "ಕೂಡು, ಎಲ್ಲಾನೂ ಫಾಂಟ್ ಕೂಡಿಸಿ ಈಗ ಕಳಿಸ್ತೀನಿ" ಅಂದೆ.

"ಬ್ಯಾಡ ಅಕ್ಕಾ. ಎಲ್ಲಾ ಒಮ್ಮಿಗೇ ಬ್ಯಾಡ" ಅಂದಳು. "ದಿನಾ ಒಂದು ಕಳಿಸು. ಅಪ್ಪ ಶಟರ್ ಎತ್ತತಿದ್ನಲ್ಲ, ಆ ಹೊತ್ತಿಗೆ."

ಹಾಗೇ ನಡೆಯಿತು. ಶಟರ್ ಎತ್ತಿ, ಊದಿನಕಡ್ಡಿ ಹಚ್ಚಿ, ಮಾಸ್ತರ ಒಂದು ಮಾತನ್ನು ಸರಿಮಾಡಿ ಕಳಿಸುವುದು. ಆಕೆ ಫೋನ್ ಮಾಡಿ ಓದುವುದು. ಕಾಲುವೆಗೆ ನೀರು ಬಿಟ್ಟದ್ದು, ಹೋಟೆಲಿನವನ ಚಹಾ ತೆಳ್ಳಗಾದದ್ದು, ಚಿಗವ್ವನ ಕಾಲುನೋವು, ಎಲ್ಲ ಇತ್ತು. ಒಂದು ದಿನ ಆಕೆ ಓದಿದಳು: "ನಿನ್ನ ಅಕ್ಕಂದು ಈಗ ಬಾಯಿ ಭಾಳ ಆಗ್ಯದ. ತಿರುಗಿ ಬಯ್ಯಾಕ ಮಾಸ್ತರಿಗೆ ಬರಂಗಿಲ್ಲ ಅಂತ ಗೊತ್ತಾಗ್ಯದ ಆಕಿಗೆ. ಆದರೂ ಮಾತಾಡ್ಲಿ. ಆಕಿ ಮಾತಾಡಲಿಲ್ಲಂದ್ರ ಅಂಗಡಿ ಬಿಕೋ ಅಂತದ." ಆಕೆ ಅಲ್ಲಿ ನಕ್ಕಳು, ನಾನು ಇಲ್ಲಿ ಅತ್ತೆ.

ಹೀಗೆ ಒಂದೊಂದೇ ಕಳಿಸುತ್ತ ಬಂದವಳಿಗೆ ಆ ಆಯ್ತವಾರದ ಕಾಗದ ಮುಂದೆ ಬಂದೇ ಬರುತ್ತದೆ ಎಂಬುದು ಗೊತ್ತಿತ್ತು. ಫಾಂಟ್ ಕೂಡಿತೋ ಇಲ್ಲವೋ ನೋಡಲು ತೆರೆದಾಗ ಕಣ್ಣಿಗೆ ಬಿದ್ದೇಬಿಟ್ಟಿತು.

"ಯವ್ವಾ, ಬರೋ ಆಯ್ತವಾರ ಕೂಸಿನ ಕರ್ಕೊಂಡು ಬಾ. ಬೈಕಿನ ಮ್ಯಾಲ ಬ್ಯಾಡ, ಬಿಸಲು ಭಾಳ ಅದ. ಬಸ್ಸಿಗೇ ಬಾ. ನಾನ ಬಸ್‌ಸ್ಟ್ಯಾಂಡಿಗೆ ಬಂದಿರ್ತೀನಿ. ಮೊದಲಿನಂಗ ನನಗ ಕೂಗಿ ಕರಿಯಾಕ ಬರಂಗಿಲ್ಲ. ನೀನ ನನ್ನ ಹುಡಕಬೇಕು."

ಇದೊಂದನ್ನು ಬಿಟ್ಟು ಮುಂದಿನದನ್ನು ಕಳಿಸೋಣವೇ ಅಂತ ಬಹಳ ಹೊತ್ತು ಕೂತೆ. ಆಮೇಲೆ, ಅವರು ಮಗಳಿಗೆ ಹೇಳಿದ ಮಾತನ್ನು ನಡುವೆ ತಡೆಯಲು ನಾನ್ಯಾರು ಅನ್ನಿಸಿತು. ಕಳಿಸಿದೆ. ಆಕೆ ಫೋನ್ ಮಾಡಿದಳು, ಓದತೊಡಗಿದಳು. "ಬಸ್‌ಸ್ಟ್ಯಾಂಡಿಗೆ ಬಂದಿರ್ತೀನಿ" ಎಂಬಲ್ಲಿ ನಿಂತಳು. ಫೋನ್ ಬಂದ್ ಆಯಿತು. ನಾನೂ ತಿರುಗಿ ಮಾಡಲಿಲ್ಲ. ಮರುದಿನ ಆಕೆಯ ಫೋನ್ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ.

ಆಯ್ತವಾರ ಸುರಪುರದಿಂದ ಬಂದವಳು ಅಂಗಡಿಯ ಕಡೆ ಹೋಗಲಿಲ್ಲ. ಬಸ್‌ಸ್ಟ್ಯಾಂಡಿನ ಹೊರಗೆ ಗಾಡಿಯಲ್ಲಿ ಪೇರಲಹಣ್ಣು ಇದ್ದವು, ಕೊಂಡೆ. ಯಾದಗಿರಿ ಬಸ್ಸು ನಿಲ್ಲುವ ಕಡೆ ಮಾಸ್ತರು ಕೂತಿದ್ದ ಬೆಂಚಿನ ಮೇಲೆ ಕೂತೆ. ಆಕೆ ಬರುತ್ತೇನೆ ಅಂತ ಹೇಳಿರಲಿಲ್ಲ. ಆದರೂ ಬಂದಿರ್ತೀನಿ ಅಂತ ಮಾಸ್ತರು ಬರೆದುಕೊಟ್ಟಾಗಿತ್ತು, ಅಲ್ಲಿ ಯಾರಾದರೂ ಇರಬೇಕಲ್ಲ. ಒಂದು ಬಸ್ಸು ಬಂತು, ಖಾಲಿಯಾಗಿ ಹೋಯಿತು. ಮತ್ತೊಂದು ಬಂತು. ಬಿಸಿಲು ಬೆಂಚಿನ ಮೇಲೆಯೇ ಬಿದ್ದ ಹೊತ್ತಿಗೆ ಬಂದ ಬಸ್ಸಿನಿಂದ, ಎಲ್ಲರೂ ಇಳಿದಾದ ಮೇಲೆ, ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಆಕೆ ಇಳಿದಳು.

ಇಳಿದು ಅಲ್ಲೇ ನಿಂತಳು. ಬಸ್ಸು ಹಿಂದಕ್ಕೆ ಸರಿದು ಹೋಯಿತು. ಆಕೆ ಬಸ್‌ಸ್ಟ್ಯಾಂಡಿನ ಈ ತುದಿಯಿಂದ ಆ ತುದಿಯವರೆಗೆ, ಒಂದೊಂದೇ ಬೆಂಚು, ಒಂದೊಂದೇ ಮುಖ ನೋಡುತ್ತ ಹುಡುಕತೊಡಗಿದಳು. ನಾನು ಎದ್ದು ನಿಂತೆ. ಹೆಸರು ಹಿಡಿದು ಕೂಗಬೇಕು ಅಂತ ಬಾಯಿ ತೆರೆದೆ, ನನ್ನ ಆ ಸುರಪುರದ ಬಾಯಿಂದ ದನಿಯೇ ಹೊರಡಲಿಲ್ಲ. ಪೇರಲಹಣ್ಣಿನ ಚೀಲವನ್ನು ಕೈಯಲ್ಲಿ ಹಿಡಿದುಕೊಂಡು, ಆಕೆಯೇ ನನ್ನನ್ನು ಹುಡುಕಲಿ ಅಂತ ಬೆಂಚಿನ ಹತ್ತಿರವೇ ನಿಂತುಕೊಂಡೆ.